ಕಾಯಿ ಹಿಡಿದು ನಿಲ್ಲದ ಸುಮನಬಾಯಿ

ಮೂವತ್ತೆರಡು ಪೆನ್ನುಗಳು ಒಟ್ಟಿಗೆ ಓಡುವ ಸದ್ದು. ಒಣಗಿದ ಜೋಳದ ಗರಿ-ರವದಿಯ ಮೇಲೆ ಕುರಿಹಿಂಡು ಹಾದುಹೋದರೆ ಇಂಥದೇ ಸದ್ದಾಗುತ್ತದೆ. ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಸುಮನಬಾಯಿ ಎರಡು ವರ್ಷ ದಿನವೂ ಈ ಸದ್ದನ್ನು ಕೇಳಿದ್ದಳು. ಆಕೆ ಒಂದು ವಾಕ್ಯ ಓದುವಳು, ಪೆನ್ನುಗಳು ಓಡುವವು. ಅವು ನಿಂತ ಮೇಲೆ ಮುಂದಿನ ವಾಕ್ಯ. ಅಲ್ಲಿ ಪಾಠವೆಂದರೆ ಇದೇ ಆಗಿತ್ತು.

1997ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆಕೆ ಓದಿದ ವಾಕ್ಯ ಇದು: ‘ಇಂದು ಜಗತ್ತು ಎರಡು ಬಣಗಳಾಗಿ ಹಂಚಿಹೋಗಿದೆ. ಒಂದರ ಮುಂದಾಳು ಅಮೆರಿಕ, ಇನ್ನೊಂದರ ಮುಂದಾಳು ಸೋವಿಯತ್ ಒಕ್ಕೂಟ.’

ಪೆನ್ನುಗಳು ಓಡಿದವು. ಒಬ್ಬರೂ ತಲೆಯೆತ್ತಲಿಲ್ಲ. ಸೋವಿಯತ್ ಒಕ್ಕೂಟ ಇಲ್ಲವಾಗಿ ಆಗಲೇ ಆರನೆಯ ವರ್ಷ ನಡೆದಿತ್ತು.

ಆ ನೋಟ್ಸ್ ಸುಮನಬಾಯಿಯದಲ್ಲ, ಆಕೆಯ ಗುರು ಗುಂಡಪ್ಪ ಸರ್ ಅವರದು. 1979ರಲ್ಲಿ ನೀಲಿ ಶಾಯಿಯಲ್ಲಿ, ಒಂದಕ್ಷರ ತಿದ್ದದಂತೆ ಬರೆದದ್ದು. ಸುಮನಬಾಯಿ ಅದೇ ಕಾಲೇಜಿನ ಬೆಂಚಿನ ಮೇಲೆ ಕುಳಿತು ಅದನ್ನೇ ಬರೆದುಕೊಂಡು ಪಾಸಾಗಿದ್ದಳು. ಎಂ.ಎ. ಮುಗಿಸಿ ಬಂದು 1995ರಲ್ಲಿ ಗುರುಗಳ ಜಾಗಕ್ಕೆ ಹಂಗಾಮಿಯಾಗಿ ಸೇರಿದ ದಿನ, ನಿವೃತ್ತರಾದ ಗುಂಡಪ್ಪ ಸರ್ ಆ ಪುಸ್ತಕವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊಟ್ಟು, “ಇದನ್ನ ಬಿಟ್ಟು ಒಂದು ಮಾತು ಆಚೀಕಡೆ ಹೋಗಬ್ಯಾಡವ್ವ. ಹುಡುಗರು ಹಾಳಾಗ್ತಾರ,” ಎಂದಿದ್ದರು. ಅದು ಬೆದರಿಕೆಯಲ್ಲ, ಕಾಳಜಿ. ಸುತ್ತಲಿನ ಮೂರು ಕಾಲೇಜುಗಳಲ್ಲಿ ಕಲಿಸುತ್ತಿದ್ದವರು ಅವರ ಶಿಷ್ಯರೇ. ಪರೀಕ್ಷೆಯ ಪೇಪರು ನೋಡುವವರಲ್ಲೂ ಬಹಳ ಮಂದಿ ಅವರ ಶಿಷ್ಯರೇ. ಉತ್ತರ ನೋಟ್ಸಿಗೆ ಹೊಂದಿದರೆ ಅಂಕ, ಹೊಂದದಿದ್ದರೆ ಇಲ್ಲ. ಹೀಗೆ ನಿಯಮ ಮಾಡಿದವರು ಯಾರೂ ಇರಲಿಲ್ಲ. ಆದರೆ ಅದನ್ನು ಮುರಿಯುವ ಧೈರ್ಯವೂ ಯಾರಿಗೂ ಇರಲಿಲ್ಲ.

ಪ್ರತಿ ವರ್ಷ ಬರುವ ಒಂದು ದೊಡ್ಡ ಪ್ರಶ್ನೆಯಿತ್ತು. ‘ಜಾಗತಿಕ ರಾಜಕಾರಣದಲ್ಲಿ ಬದಲಾವಣೆ ಹೇಗಾಗುತ್ತದೆ? ಸಿದ್ಧಾಂತಗಳ ಬೆಳಕಿನಲ್ಲಿ ವಿವರಿಸಿ.’ ನೋಟ್ಸಿನಲ್ಲಿ ಅದಕ್ಕೆ ಒಂದೂವರೆ ಪುಟದ ಉತ್ತರ. ದೇಶಗಳ ಮೇಲೆ ಇನ್ನೊಬ್ಬ ಒಡೆಯನಿಲ್ಲ. ಪ್ರತಿ ದೇಶವೂ ತನ್ನ ಬಲವನ್ನೇ ನಂಬಬೇಕು. ಬಲದ ತೂಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಜಗತ್ತು ಬದಲಾಗುತ್ತದೆ, ಅದು ಸರಿಯುವುದು ಬಹುಮಟ್ಟಿಗೆ ಯುದ್ಧದಿಂದ. ಕೊನೆಯ ಸಾಲು ಸುಂದರವಾಗಿತ್ತು: ‘ಆಟಗಾರರು ಬದಲಾಗುತ್ತಾರೆ, ಆಟ ಬದಲಾಗುವುದಿಲ್ಲ.’

ಆ ಸಾಲನ್ನು ಸುಮನಬಾಯಿ ಹುಡುಗಿಯಾಗಿದ್ದಾಗ ನಂಬಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಅದನ್ನು ನಂಬುವುದು ಇನ್ನೂ ಸುಲಭವಾಯಿತು, ಯಾಕೆಂದರೆ ಆ ಕೆಲಸವೇ ಅಂಥದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಕಾಲೇಜು ತೆರೆಯುವ ಮುನ್ನ, ಹಂಗಾಮಿ ಮಾಸ್ತರುಗಳು ಒಂದು ಅರ್ಜಿ ಮತ್ತು ಒಂದು ತೆಂಗಿನಕಾಯಿ ಹಿಡಿದು ಕಾರ್ಯದರ್ಶಿ ಬಸವಣಪ್ಪನವರ ಅಡತ್ ಅಂಗಡಿಗೆ ಹೋಗಬೇಕು. ಬಸವಣಪ್ಪ ತೊಗರಿ ವ್ಯಾಪಾರಿ, ನೂರೆಕರೆ ಹೊಲದ ಒಡೆಯ, ಕಾಲೇಜು ಕಟ್ಟಿದ ಮನೆತನದವರು. ಅವರು ತಲೆಯೆತ್ತಿ ನೋಡುವ ತನಕ ಮೆಟ್ಟಿಲ ಕೆಳಗೆ ನಿಲ್ಲಬೇಕು. ಕೆಲವು ವರ್ಷ ಅರ್ಧ ಗಂಟೆ, ಕೆಲವು ವರ್ಷ ಒಂದು ಗಂಟೆ. ಆಮೇಲೆ ಅವರು ಕಾಯಿ ಮುಟ್ಟಿ, “ಹೂಂ, ನಡೀರಿ,” ಎಂದರೆ ಇನ್ನೊಂದು ವರ್ಷ ಕೆಲಸ ಉಂಟು. ಇದನ್ನು ಮಾಸ್ತರುಗಳು ತಮಾಷೆಯಾಗಿ ‘ಕಾಯಿ ಪರೀಕ್ಷೆ’ ಎನ್ನುತ್ತಿದ್ದರು. ಬೇರೆ ಪರೀಕ್ಷೆಗಳಿಗಿಂತ ಇದನ್ನೇ ಹೆಚ್ಚು ಹೆದರಿಕೊಂಡು ಬರೆಯುತ್ತಿದ್ದರು.

ಸುಮನಬಾಯಿ ಮೋರಖಂಡಿಯವಳು. ಕುರಿ ಕಾಯುವ ಮನೆತನ. ತಂದೆ ಅಮೋಘಸಿದ್ದಪ್ಪನಿಗೆ ನೂರಿಪ್ಪತ್ತು ಕುರಿ, ಎರಡೆಕರೆ ಕಡಲೆ ಬೆಳೆಯುವ ನೆಲ. ಬೆಳಿಗ್ಗೆ ಊರಿನಿಂದ ಬಸವಕಲ್ಯಾಣಕ್ಕೆ, ಅಲ್ಲಿಂದ ಹೆದ್ದಾರಿಯ ಸಸ್ತಾಪುರ ಬಂಗ್ಲಾಕ್ಕೆ, ಬಂಗ್ಲಾದಲ್ಲಿ ಹೈದರಾಬಾದಿನ ಕಡೆ ಹೋಗುವ ಬಸ್ಸು ಹಿಡಿದು ಹುಮನಾಬಾದಿಗೆ. ದಿನಕ್ಕೆ ಮೂರು ತಾಸು ಆಕೆ ಬಸ್ಸಿನಲ್ಲೇ ಇರುತ್ತಿದ್ದಳು. ಓದಿದ್ದು, ಯೋಚಿಸಿದ್ದು ಎಲ್ಲ ಅಲ್ಲೇ.

ಆ ವರ್ಷದ ಬೇಸಿಗೆ ರಜೆಯಲ್ಲಿ ಊರಿನಲ್ಲಿ ನಡೆದದ್ದು ಆಕೆಯ ತಲೆಯೊಳಗೆ ಹೊಕ್ಕು ಕುಳಿತಿತ್ತು.

ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಗಳಲ್ಲಿ ರಾತ್ರಿ ಕುರಿ ತರುಬುವುದು ಅಲ್ಲಿನ ಹಳೆಯ ಪದ್ಧತಿ. ಹಿಂಡು ಹೊಲದಲ್ಲೇ ಮಲಗಿದರೆ ಹಿಕ್ಕೆ, ಉಚ್ಚೆ ಎಲ್ಲ ನೆಲಕ್ಕೆ ಸೇರಿ ಗೊಬ್ಬರವಾಗುತ್ತದೆ. ಅದಕ್ಕೆ ಬದಲಾಗಿ ಹೊಲದವರು ಕುರಿಯವರಿಗೆ ಜೋಳ ಅಳೆದು ಕೊಡುತ್ತಾರೆ. ಇದಕ್ಕೆ ಕಾಗದವಿಲ್ಲ, ಪೊಲೀಸರಿಲ್ಲ. ಆದರೆ ಒಂದು ಕ್ರಮವಿತ್ತು. ಕುರಿಯವನು ದೊಡ್ಡ ಹೊಲದವರ ಬಾಗಿಲಿಗೆ ಹೋಗಿ, ರುಮಾಲು ತೆಗೆದು, ಹೆಗಲ ಕಂಬಳಿ ನೆಲಕ್ಕಿಟ್ಟು, ಅವರು ಕರೆಯುವ ತನಕ ನಿಲ್ಲಬೇಕು. ಮೊದಲ ಸರದಿ ದೊಡ್ಡವರ ಹೊಲಕ್ಕೆ, ಉಳಿದವರಿಗೆ ಆಮೇಲೆ. ಜೋಳ ಎಷ್ಟು ಎಂಬುದು ಕೊಡುವವರ ಮನಸ್ಸಿಗೆ ಬಿಟ್ಟದ್ದು.

ಆಮೇಲೆ ಯೂರಿಯಾ ಬಂತು. ದೊಡ್ಡ ಹೊಲದವರು ಮೂಗು ಮುಚ್ಚಿಕೊಂಡು ಕುರಿ ಬೇಡವೆಂದರು. ಮತ್ತೆ ತೊಂಬತ್ತರ ದಶಕದಲ್ಲಿ ಈ ಸರ್ಕಾರಿ ಗೊಬ್ಬರ ತುಟ್ಟಿಯಾಯಿತು, ನೆಲ ಬಿರುಸಾಯಿತು, ತೊಗರಿ ಕುಳ್ಳಾಯಿತು. 1997ರ ಬೇಸಿಗೆಯಲ್ಲಿ ದೊಡ್ಡ ಹೊಲದವರು ಅಮೋಘಸಿದ್ದಪ್ಪನಿಗೆ ಹೇಳಿ ಕಳಿಸಿದರು, ಬಂದು ಸರದಿ ಮಾತಾಡಿಕೊಂಡು ಹೋಗು ಎಂದು.

ಅಮೋಘಸಿದ್ದಪ್ಪ ಹೋಗಲಿಲ್ಲ. “ಯಾರಿಗಿ ಕುರಿ ಬೇಕೋ ಅವರು ನಮ್ಮ ಹಟ್ಟಿಗಿ ಬರ್ಲಿ. ಮೊದಲ ಬಂದವರಿಗಿ ಮೊದಲ ಸರದಿ,” ಎಂದು ಬಂದವನ ಕೈಯಲ್ಲೇ ತಿರುಗಿ ಹೇಳಿ ಕಳಿಸಿದ. ಎರಡು ವಾರ ಒಬ್ಬರೂ ಬರಲಿಲ್ಲ. ಹಿಂಡು ಪಡ ಬಿದ್ದ ನೆಲದಲ್ಲೇ ಮಲಗಿತು. ಮನೆಯ ಜೋಳದ ಹಗೇವು ಬರಿದಾಗುತ್ತ ಬಂತು. ಮೂರನೆಯ ವಾರ ಮೂರೆಕರೆಯ ಗಯಾಬಾಯಿ, ಗಂಡನಿಲ್ಲದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಟ್ಟಿಗೆ ಬಂದಳು. “ನಂದು ಸಣ್ಣ ಹೊಲ ಅಂತ ನಗಬ್ಯಾಡಪ್ಪ, ಎರಡು ರಾತ್ರಿ ಸಾಕು,” ಎಂದಳು. ಮರುದಿನ ನೂರಿಪ್ಪತ್ತು ಕುರಿ ಗಯಾಬಾಯಿಯ ಮೂರೆಕರೆಯಲ್ಲಿ ನಿಂತವು. ಊರೇ ನೋಡಿತು. ಅದಾದ ಎಂಟು ದಿನಕ್ಕೆ ದೊಡ್ಡ ಹೊಲದವರು ಒಬ್ಬೊಬ್ಬರಾಗಿ, ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ, ಹಟ್ಟಿಯ ಕಡೆ ಬಂದು ಹೋದರು.

ಸುಮನಬಾಯಿ ತಂದೆಯನ್ನು ಕೆಣಕಿದ್ದಳು. ಆಗ ಅವನು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದ.

“ಗೊಬ್ಬರ ತುಟ್ಟಿ ಆಗ್ಯಾದ, ಅದಕ್ಕ ಬಂದಾರ. ಇದರಾಗ ನಿಂದೇನಪ್ಪ ದೊಡ್ಡಸ್ತಿಕಿ?”

“ನಿಮ್ಮಜ್ಜನ ಕಾಲದಾಗೂ ಒಂದಪ ಹಿಂಗೇ ತುಟ್ಟಿ ಆಗಿತ್ತು. ಎಪ್ಪತ್ನಾಕರಾಗ. ಆಗ ನಮ್ಮವು ಮುನ್ನೂರು ಕುರಿ.”

“ಅಜ್ಜ ಏನ್ ಮಾಡಿದ?”

“ಕರದ್ರು. ಹೋಗಿ ರುಮಾಲ ತೆಗದು ನಿಂತ.”

“ಯಾಕ?”

“ಯಾಕಂದ್ರ? ಕರದ್ರ ಹೋಗಿ ನಿಲ್ಲಾವನೇ ತಾನು ಅಂತ ತಿಳದಿದ್ದ.” ಮುಳ್ಳು ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ ಎಸೆದ. “ತುಟ್ಟಿ ಅದೇ, ಹಿಕ್ಕಿ ಅದೇ. ಕುರಿ ನೋಡಿದ್ರ ನಮ್ಮವೇ ಕಮ್ಮಿ. ನೀ ಓದಿದಾಕಿ, ನೀನೇ ಲೆಕ್ಕ ಹಚ್ಚು.”

ಆಕೆ ಲೆಕ್ಕ ಹಚ್ಚಿದಳು. ಬಸ್ಸಿನಲ್ಲಿ, ಮೂರು ತಿಂಗಳು. ಬಲವನ್ನಷ್ಟೇ ಎಣಿಸಿದರೆ ಅಜ್ಜನಿಗೇ ಹೆಚ್ಚಿತ್ತು. ಆದರೂ ಅಜ್ಜನ ಕಾಲದಲ್ಲಿ ಏನೂ ಬದಲಾಗಲಿಲ್ಲ, ಅಪ್ಪನ ಕಾಲದಲ್ಲಿ ಬದಲಾಯಿತು. ಹಾಗಾದರೆ ಎಣಿಕೆಗೆ ಸಿಗದ್ದು ಇನ್ನೊಂದು ಇರಲೇಬೇಕು.

ಆಗಸ್ಟಿನ ಆ ಬೆಳಿಗ್ಗೆ, ಎರಡು ಬಣಗಳ ವಾಕ್ಯ ಓದಿ, ಪೆನ್ನುಗಳು ನಿಂತ ಮೇಲೆ, ಸುಮನಬಾಯಿ ಗುಂಡಪ್ಪ ಸರ್ ಅವರ ನೋಟ್ಸ್ ಮುಚ್ಚಿ ವಸ್ತ್ರದಲ್ಲಿ ಸುತ್ತಿಟ್ಟಳು. ತರಗತಿ ಕಾಯಿತು. ಹಿಂದಿನ ಬೆಂಚಿನಿಂದ ಅವಿನಾಶ ಕೇಳಿದ:

“ಮ್ಯಾಡಂ, ಫುಲ್ ಸ್ಟಾಪ್ ಏನ್ರಿ?”

“ಹಂಗೇ ತಿಳಕೋ. ಅವಿನಾಶ, ಸೋವಿಯತ್ ಒಕ್ಕೂಟ ಈಗ ಎಲ್ಲಿ ಅದ?”

ಅವನು ತನ್ನ ಪುಸ್ತಕ ನೋಡಿಕೊಂಡ. “ನೋಟ್ಸ್‌ನ್ಯಾಗ ಅದರಿ.”

ತರಗತಿ ನಕ್ಕಿತು. ಎರಡು ವರ್ಷದಲ್ಲಿ ಆ ಕೋಣೆ ನಕ್ಕದ್ದು ಅದೇ ಮೊದಲು.

“ಇಲ್ಲ ಅದು. ಹೋಗಿ ಆರು ವರ್ಷ ಆಗ್ಲಿಕ್ಕ ಬಂತು. ಯಾರು ಕೆಡವಿದ್ರು? ಯುದ್ಧ ಆತೇನು?”

ಮುಂದಿನ ಸಾಲಿನ ಪೂನಂ ಎದ್ದು ನಿಂತಳು. ಮಾಣಿಕನಗರದಲ್ಲಿ, ಮಠದ ಹಾದಿಯಲ್ಲಿ, ಕಾಯಿ-ಕರ್ಪೂರದ ಅಂಗಡಿ ಇಟ್ಟ ಲಲಿತಾಬಾಯಿಯ ಮಗಳು. ತರಗತಿಯಲ್ಲಿ ಬಾಯಿ ಬಿಡುವ ಹುಡುಗಿ ಅವಳೊಬ್ಬಳೇ. “ಯುದ್ಧ ಇಲ್ಲರಿ. ಒಳಗಿಂದ ಖಾಲಿ ಆಗಿತ್ತಂತ. ಬ್ರೆಡ್ಡಿಗಿ ಪಾಳಿ ಹಚ್ಚತಿದ್ರಂತ. ನಮ್ಮ ಮಾಮಾ ಹೇಳತಿದ್ದ.”

“ಬರಾಬರ್. ನೋಟ್ಸ್ ಬರದವರು ಇಲ್ಲಿ ಕುಂತಿದ್ರ ಅವರೂ ಇದನ್ನೇ ಅಂತಿದ್ರು. ಶಕ್ತಿ ಇಳೀತು, ಅದಕ್ಕ ಬಿತ್ತು. ಆದ್ರ ಪೂನಂ, ಖಾಲಿ ಆದವರು ಸುಮ್ನ ಬಿಟ್ಟುಕೊಡ್ತಾರೇನು? ಖಾಲಿ ಆದ ಮನೆಯಾವನೇ ಜಲ್ದಿ ಬಡಿಗಿ ಎತ್ತತಾನ.”

ಆಮೇಲೆ ಆಕೆ ಹೇಳಿದ್ದನ್ನು ಆ ಮೂವತ್ತೆರಡು ಮಂದಿಯಲ್ಲಿ ಅರ್ಧದಷ್ಟಾದರೂ ಇಂದಿಗೂ ಹೇಳಬಲ್ಲರು. 1956ರಲ್ಲಿ ಹಂಗೇರಿ ಮಿಸುಕಾಡಿದಾಗ ಸೋವಿಯತ್ ಟ್ಯಾಂಕುಗಳು ಹೋದವು. 1968ರಲ್ಲಿ ಚೆಕೊಸ್ಲೊವಾಕಿಯಾ ಮಿಸುಕಾಡಿದಾಗಲೂ ಹೋದವು. 1989ರಲ್ಲಿ ಪೂರ್ವ ಯುರೋಪಿನ ದೇಶಗಳು ಒಂದಾದ ಮೇಲೊಂದು ಎದ್ದು ನಿಂತವು. ಟ್ಯಾಂಕುಗಳು ಅಲ್ಲೇ ಇದ್ದವು, ಎಣ್ಣೆ ತುಂಬಿಕೊಂಡೇ ಇದ್ದವು, ಸೈನಿಕರೂ ಇದ್ದರು. ಆದರೆ ಹೊರಡಲಿಲ್ಲ. ಬಲವನ್ನು ಎಣಿಸುವ ಸಿದ್ಧಾಂತ ಇಲ್ಲಿ ತಡವರಿಸುತ್ತದೆ. ಎರಡನೆಯ ಪಂಥದವರು ವ್ಯಾಪಾರ, ಒಪ್ಪಂದ, ಸಂಸ್ಥೆಗಳನ್ನು ತೋರಿಸುತ್ತಾರೆ: ಕೂಡಿ ಕುಳಿತು ಮಾತಾಡುವ ರೂಢಿ ಬಿದ್ದವರು ನಿಧಾನವಾಗಿ ಬಡಿಗೆ ಕೆಳಗಿಡುತ್ತಾರೆ ಎನ್ನುತ್ತಾರೆ. ಅದರಲ್ಲೂ ಸತ್ಯವಿದೆ. ಮೂರನೆಯ ಪಂಥ ಆಗಷ್ಟೇ ಮೇಲೇಳುತ್ತಿತ್ತು. ಅದಕ್ಕೆ ಆಕೆಯ ತರಗತಿಯಲ್ಲಿ ಇನ್ನೂ ಕನ್ನಡದ ಹೆಸರಿರಲಿಲ್ಲ. ಅದು ಕೇಳುವ ಪ್ರಶ್ನೆ ಬೇರೆ: ಇವರು ತಮ್ಮನ್ನು ಯಾರೆಂದು ತಿಳಿದಿದ್ದಾರೆ? ಎದುರಿನವರನ್ನು ಏನೆಂದು ತಿಳಿದಿದ್ದಾರೆ? ಆ ತಿಳಿವಳಿಕೆ ಬದಲಾದರೆ ಅದೇ ಟ್ಯಾಂಕು ಬೇರೆಯೇ ವಸ್ತುವಾಗುತ್ತದೆ.

“ಆಟಗಾರರಷ್ಟೇ ಅಲ್ಲ, ಆಟಾನೂ ಬದಲಾಗ್ತದ,” ಎಂದಳು ಸುಮನಬಾಯಿ. ಆಮೇಲೆ ಮೋರಖಂಡಿಯ ಹಟ್ಟಿಯ ಕಥೆ ಹೇಳಿದಳು. ಕುರಿಯವರ ಮಗಳು ತಾನೆಂದು ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಿದ್ದೂ ಅದೇ ಮೊದಲು.

ಆ ವರ್ಷ ಆಕೆ ಮತ್ತೆ ನೋಟ್ಸ್ ತೆರೆಯಲಿಲ್ಲ. ಹುಡುಗರು ಕೇಳಿದರು, ಜಗಳ ಮಾಡಿದರು, ಪತ್ರಿಕೆ ಓದಿ ಬಂದರು. 1998ರ ಪರೀಕ್ಷೆ ಬರೆದರು. ಫಲಿತಾಂಶದಲ್ಲಿ ಮೂವತ್ತೆರಡರಲ್ಲಿ ಹತ್ತೊಂಬತ್ತು ಮಂದಿ ರಾಜ್ಯಶಾಸ್ತ್ರದಲ್ಲಿ ನಪಾಸು. ಪೂನಂಗೆ ನೂರಕ್ಕೆ ಹದಿನೇಳು.

ಇಲ್ಲಿ ಸುಮನಬಾಯಿಯದೂ ತಪ್ಪಿತ್ತು. ಅದನ್ನು ಆಕೆ ಎಂದೂ ಮರೆಮಾಚಲಿಲ್ಲ. ಹಳೆಯ ಉತ್ತರವನ್ನು ಆಕೆ ಬರಿಯ ಕಸವೆಂದು ಗುಡಿಸಿಬಿಟ್ಟಿದ್ದಳು. ಅದು ಎಲ್ಲಿ ಸೋಲುತ್ತದೆಂದು ತೋರಿಸಿದ್ದಳು, ಅದರ ತಾಕತ್ತು ಎಷ್ಟೆಂದು ತೋರಿಸಿರಲಿಲ್ಲ. ಹುಡುಗರು ಬರೆದ ಉತ್ತರಗಳಲ್ಲಿ ಕುರಿ ಇತ್ತು, ಗಯಾಬಾಯಿ ಇದ್ದಳು, ಸಿದ್ಧಾಂತ ಮಾತ್ರ ಅರ್ಧಂಬರ್ಧ ಇತ್ತು.

ಜೂನ್ ಬಂತು. ಆಕೆ ಬಸವಣಪ್ಪನವರ ಅಡತ್ ಅಂಗಡಿಗೆ ಹೋದಳು. ಮೆಟ್ಟಿಲ ಕೆಳಗೆ ಉಳಿದ ಹಂಗಾಮಿಗಳು ಕಾಯಿ ಹಿಡಿದು ನಿಂತಿದ್ದರು. ಆಕೆಯೂ ನಿಂತಳು. ಬಸವಣಪ್ಪ ತೊಗರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಳೆಯಿತು. ಇನ್ನೂ ಸ್ವಲ್ಪ ಹೊತ್ತು. ಆಮೇಲೆ ಸುಮನಬಾಯಿ ಮೆಟ್ಟಿಲು ಹತ್ತಿ, ಬಾಗಿಲ ಬದಿಯ ತೊಗರಿ ಚೀಲದ ಮೇಲೆ ಕುಳಿತುಬಿಟ್ಟಳು.

ಬಸವಣಪ್ಪ ತಲೆಯೆತ್ತಿದರು. ಆ ವರ್ಷ ಅವರು ಅಷ್ಟು ಬೇಗ ತಲೆಯೆತ್ತಿದ್ದು ಅದೊಂದೇ ಸಲ.

“ಮಾಲ್ ಖರೀದಿಗಿ ಬಂದೀರೇನ್ರಿ, ಬಾಯಿಯವರೆ?”

“ಇಲ್ಲರಿ ಸಾವಕಾರ್ರೆ. ಕಾಲು ನೋಯಾಕತ್ತಾವ.”

“ಹತ್ತೊಂಬತ್ತು ಮಂದಿ ಫೇಲ್ ಮಾಡಿ ಕಾಲು ನೋಯಿಸಿಕೊಂಡೀರಿ. ಕ್ಲಾಸಿನ್ಯಾಗ ಕುರಿ ಕಾಯಾಕತ್ತೀರಂತ, ಖರೇ ಏನು?”

ಕೆಳಗೆ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು.

“ಖರೇ ಅದರಿ. ನಮ್ಮಪ್ಪಂದು ಕುರಿ, ನನಗ ಬರೋ ಉದಾಹರಣಿ ಅದೇ. ನಿಮಗ ಕಲಿಸೋದಾದ್ರ ತೊಗರಿ ಹೇಳತಿದ್ದೆ.”

ಈಗ ಯಾರೂ ನಗಲಿಲ್ಲ. ಬಸವಣಪ್ಪ ಕಾಳು ಕೆಳಗೆ ಹಾಕಿದರು. ಅವರು ಕೆಟ್ಟವರಲ್ಲ. ಕಾಲೇಜು ತಮ್ಮ ತಂದೆಯ ಹೆಸರು, ಆ ಹೆಸರಿಗೆ ಫಲಿತಾಂಶದ ಮಸಿ ಹತ್ತಬಾರದು ಎಂಬುದಷ್ಟೇ ಅವರಿಗೆ ತಿಳಿದದ್ದು. “ನೋಡ್ರಿ, ಗುಂಡಪ್ಪ ಸರ್ ನೋಟ್ಸ್ ಇಪ್ಪತ್ತು ವರ್ಷ ಪಾಸ್ ಮಾಡ್ಯಾವ. ನಾಳಿಂದ ಅದನ್ನೇ ಬರಸ್ತೀನಿ ಅಂತ ಅರ್ಜಿಯಾಗ ಒಂದು ಸಾಲು ಬರೀರಿ, ಮುಗೀತು. ಕಾಯಿ ಎಲ್ಲಿ?”

“ತಂದಿಲ್ಲರಿ.”

“ಮರ್ತೀರೇನು?”

“ಇಲ್ಲ. ನೆನಪಿಟ್ಟೇ ಬಿಟ್ಟು ಬಂದೀನಿ. ಅರ್ಜಿ ಕೊಡ್ತೀನಿ, ಅದು ಕಾಗದ. ಕಾಯಿ ಹಿಡದು ನಿಲ್ಲೋದು ಇನ್ನ ನನ್ನಿಂದ ಆಗಂಗಿಲ್ಲ. ಆ ಸಾಲೂ ಬರಿಯಂಗಿಲ್ಲ.”

ಆ ವರ್ಷ ಆಕೆಯ ಜಾಗಕ್ಕೆ ಬೇರೊಬ್ಬರು ಬಂದರು. ಪೆನ್ನುಗಳು ಮತ್ತೆ ಓಡಿದವು.

ಒಂದು ವಾರದ ನಂತರ ಲಲಿತಾಬಾಯಿ ಮಗಳನ್ನು ಕರೆದುಕೊಂಡು ಮೋರಖಂಡಿಗೇ ಬಂದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಸಿಟ್ಟು ಮುಖದಲ್ಲಿತ್ತು. ನೀರು ಕೊಟ್ಟರೆ ಮುಟ್ಟಲಿಲ್ಲ.

“ನನ್ನ ಮಗಳ ವರ್ಷ ಕೆಡಿಸಿದ್ರಿ ನೀವು.”

“ಹೌದ್ರಿ ಅಕ್ಕಾರೆ.”

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಲಲಿತಾಬಾಯಿ ಅಲ್ಲೇ ಕುಳಿತಳು. ನೀರಿನ ತಂಬಿಗೆ ಎತ್ತಿ ಕುಡಿದಳು. “ಈಕಿ ನೋಡಿದ್ರ ಹಳೇದು ಬರಿಯಂಗಿಲ್ಲ ಅಂತ ಹಟ ಹಿಡದಾಳ. ಕೆಡಿಸಿದವರು ನೀವು, ಸುಧಾರಿಸೋರೂ ನೀವೇ. ನಮ್ಮ ಅಂಗಡಿ ಹಿಂದ ಒಂದು ಖೋಲಿ ಅದ. ಕಾಯಿ ಚೀಲ ಒಂದು ಮೂಲಿಗಿ ಸರಸ್ತೀನಿ. ನಾಳಿಂದ ಬರ್ರಿ.”

ಹಾಗೆ ಮಾಣಿಕನಗರದ ಆ ಕೋಣೆ ಶುರುವಾಯಿತು. ಕರ್ಪೂರದ ವಾಸನೆ, ಮೂಲೆಯಲ್ಲಿ ತೆಂಗಿನಕಾಯಿ ಚೀಲಗಳು, ನಡುವೆ ಜಮಖಾನ. ನಪಾಸಾದ ಹತ್ತೊಂಬತ್ತು ಮಂದಿಯಲ್ಲಿ ಹನ್ನೊಂದು ಮಂದಿ ಬಂದರು. ಸುಮನಬಾಯಿ ಈ ಸಲ ಗುಂಡಪ್ಪ ಸರ್ ಅವರ ನೋಟ್ಸ್ ಬಿಚ್ಚಿ ನಡುವೆ ಇಟ್ಟಳು. “ಮೊದಲು ಇದನ್ನ ಪೂರಾ ಬರೀರಿ. ಬರದವರು ಎದುರಿಗಿ ಕುಂತಾರ ಅಂತ ತಿಳಕೊಂಡು, ಅವರೂ ಹೌದು ಅನ್ನಬೇಕು, ಹಂಗ ಬರೀರಿ. ಆಮ್ಯಾಗ ಕೆಳಗ ಒಂದು ಗೆರಿ ಎಳದು ಕೇಳ್ರಿ: 1989ರಾಗ ಟ್ಯಾಂಕು ಯಾಕ ಹೊಂಟಿಲ್ಲ? ಅಲ್ಲಿಂದ ನಿಮ್ಮ ಉತ್ತರ ಶುರು.”

ಅಕ್ಟೋಬರ್ ಪರೀಕ್ಷೆಯಲ್ಲಿ ಹನ್ನೊಂದೂ ಮಂದಿ ಪಾಸಾದರು. ಪೂನಂಗೆ ಅರವತ್ತೊಂದು. ಪೇಪರು ನೋಡುವವರಿಗೆ ಗೆರೆಯ ಮೇಲಿನದಕ್ಕೆ ಅಂಕ ಕೊಡದೆ ವಿಧಿಯಿರಲಿಲ್ಲ. ಕೊಟ್ಟ ಮೇಲೆ ಗೆರೆಯ ಕೆಳಗಿನದನ್ನು ಓದದೆಯೂ ವಿಧಿಯಿರಲಿಲ್ಲ.

ವರ್ಷಗಳು ಹೋದವು. ಬಸವಕಲ್ಯಾಣದಿಂದ, ಹಳ್ಳಿಖೇಡದಿಂದ ಹುಡುಗರು ಬರತೊಡಗಿದರು. ಬೆಳಿಗ್ಗೆ ಕಾಲೇಜಿನಲ್ಲಿ ಬರೆದುಕೊಂಡದ್ದನ್ನು ಮಧ್ಯಾಹ್ನ ಈ ಕೋಣೆಯಲ್ಲಿ ಬಿಚ್ಚಿ ನೋಡುವರು. ಒಂದು ದಿನ ಗುಂಡಪ್ಪ ಸರ್ ಬಂದರು. ಮಠಕ್ಕೆ ಬಂದವರು ಅಂಗಡಿಯ ಮುಂದೆ ನಿಂತು, ಒಳಗಿನ ಮಾತು ಕೇಳಿ, ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತರು. ತಾವು ಬರೆದ ನೋಟ್ಸನ್ನು ಹುಡುಗರು ಸಾಲು ಸಾಲಾಗಿ ಸೀಳುವುದನ್ನು ಕೇಳಿದರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡರು.

“ನಾ ಬರದಾಗ ಅದು ಖರೇ ಇತ್ತವ್ವ ಸುಮನ.”

“ಗೊತ್ತದರಿ ಸರ್. ಅದಕ್ಕೇ ಇನ್ನೂ ವಸ್ತ್ರದಾಗ ಸುತ್ತಿ ಇಟ್ಟೀನಿ.”

“ತಪ್ಪು ನನ್ನ ನೋಟ್ಸಿಂದಲ್ಲ. ಜಗತ್ತು ನನಗ ಹೇಳದೇ ಬದಲಾತು.” ಎಲ್ಲರೂ ನಕ್ಕಾಗ ಅವರೂ ನಕ್ಕರು. ಆಮೇಲೆ ತಿಂಗಳಿಗೊಂದು ಸಲ ಬಂದು ಬಲದ ಸಿದ್ಧಾಂತದ ಪರವಾಗಿ ವಾದ ಮಾಡಿ ಹೋಗುವುದು ಅವರಿಗೆ ರೂಢಿಯಾಯಿತು. ಚೆನ್ನಾಗಿಯೇ ವಾದಿಸುತ್ತಿದ್ದರು.

2003ರ ಬೇಸಿಗೆಯಲ್ಲಿ ಅವರು ಗೆದ್ದ ಮುಖದಲ್ಲಿ ಬಂದರು. ಅಮೆರಿಕದ ಸೈನ್ಯ ಇರಾಕಿಗೆ ನುಗ್ಗಿತ್ತು. “ಏನ್ರಿ ಮ್ಯಾಡಂ, ವಿಶ್ವಸಂಸ್ಥಿ ಏನ್ ಮಾಡ್ತು? ತಿಳಿವಳಿಕಿ ಎಲ್ಲಿ ಹೋತು?” ಎಂದು ಶಿಷ್ಯೆಯನ್ನೇ ಮ್ಯಾಡಂ ಎಂದು ಚುಚ್ಚಿದರು.

“ಇವತ್ತು ಪೂರಾ ಅಂಕ ನಿಮಗೇ ಸರ್,” ಎಂದಳು ಸುಮನಬಾಯಿ. “ಆದ್ರ ಒಂದು ಹೇಳ್ರಿ. ಅಷ್ಟು ಬಲ ಇದ್ದವರು ಮೊದಲು ಹೋಗಿ ಯಾಕ ಕೇಳಿದ್ರು? ನಮ್ಮ ಕೂಡ ಬರ್ರಿ, ಹೂಂ ಅನ್ರಿ ಅಂತ ತಿಂಗಳಗಟ್ಟಲೆ ಯಾಕ ಓಡಾಡಿದ್ರು? ನೂರು ವರ್ಷದ ಹಿಂದಾದ್ರ ಕೇಳತಿದ್ರೇನು?”

ಗುಂಡಪ್ಪ ಸರ್ ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಮುಂದಿನ ತಿಂಗಳು ಹೇಳ್ತೀನಿ,” ಎಂದರು.

ಅದೇ ವರ್ಷದ ಜೂನ್. ಎರಡು ವರ್ಷದ ಹಿಂದೆ ಪಠ್ಯಕ್ರಮ ಬದಲಾಗಿತ್ತು. ಮೂರನೆಯ ಪಂಥ ಅದರಲ್ಲಿ ಹೆಸರು ಸಮೇತ ಬಂದಿತ್ತು. ಬಸವಣಪ್ಪನವರ ಕಾಲೇಜಿನಲ್ಲಿ ಅದನ್ನು ಕಲಿಸುವವರಿರಲಿಲ್ಲ. ರಾಜ್ಯಶಾಸ್ತ್ರಕ್ಕೆ ಸೇರಿದ ಹುಡುಗರು ಒಂಬತ್ತೇ ಮಂದಿ. ಬಸವಣಪ್ಪ ಎರಡು ಸಲ ಹೇಳಿ ಕಳಿಸಿದರು, ಅಂಗಡಿಗೆ ಬಂದು ಮಾತಾಡಿ ಹೋಗಲಿ ಎಂದು. ಆಕೆ ಹೋಗಲಿಲ್ಲ. ಮೂರನೆಯ ಸಲ ಅವರದೇ ಜೀಪು ಮಾಣಿಕನಗರದ ಅಂಗಡಿಯ ಮುಂದೆ ನಿಂತಿತು.

ಲಲಿತಾಬಾಯಿ ಸ್ಟೂಲು ಒರೆಸಿ ಹಾಕಿದಳು. ಬಸವಣಪ್ಪ ಕುಳಿತುಕೊಳ್ಳಲಿಲ್ಲ. ಮೊಳಕಾಲು ನೋವಿನಿಂದ ನಿಲ್ಲುವುದೂ ಕಷ್ಟವಾಗಿತ್ತು. ಒಳಗೆ ಹುಡುಗರು ಸೇರುತ್ತಿದ್ದರು. ಸುಮನಬಾಯಿ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಳು. ಕೈಯಲ್ಲಿ ಸೀಮೆಸುಣ್ಣವಿತ್ತು.

“ಬರ್ರಿ ಸಾವಕಾರ್ರೆ. ಕೂಡ್ರಿ.”

“ಕೂಡಾಕ ಬಂದಿಲ್ಲರಿ. ಸೀದಾ ಹೇಳ್ತೀನಿ. ಕಾಲೇಜಿಗಿ ಬರ್ರಿ. ಹಂಗಾಮಿ ಅಲ್ಲ, ಖಾಯಂ.”

“ನೋಟ್ಸ್?”

“ನಿಮಗ ತಿಳದದ್ದು ಕಲಸ್ರಿ. ಕುರಿ ತರ್ರಿ, ಬೇಕಾದ್ರ ನಿಮ್ಮಪ್ಪನ್ನೂ ತರ್ರಿ.”

ಆಕೆಗೆ ನಗು ಬಂತು. ಐದು ವರ್ಷದ ಹಿಂದೆ ಕಳೆದದ್ದು ಹೀಗೆ ಅಂಗಡಿ ಬಾಗಿಲಿಗೆ ತಿರುಗಿ ಬರುತ್ತದೆಂದು ಆಕೆ ಕಾದಿರಲಿಲ್ಲ. ಆ ಕಾಲೇಜನ್ನು ಆಕೆ ಪ್ರೀತಿಸುತ್ತಿದ್ದಳು. ಅದರ ಬೇವಿನ ಮರ, ಅದರ ಒಡೆದ ಕರಿಹಲಗೆ, ಹಿಂದಿನ ಬೆಂಚಿನಲ್ಲಿ ತಾನೇ ಕೆತ್ತಿದ ಹೆಸರು. ಒಂದು ಗಳಿಗೆ ಆಕೆ ಹೂಂ ಅನ್ನುವ ಹಾಗೇ ಇದ್ದಳು.

“ಯಾವಾಗಿಂದ ಬರಬೇಕ್ರಿ?”

“ನಾಳಿಂದನೇ.” ಬಸವಣಪ್ಪನವರ ಮುಖ ಹಗುರಾಯಿತು. “ಬರೋವಾಗ ಜರಾ ಅಂಗಡಿ ಕಡಿ ಹಾಯ್ದು ಹೋಗ್ರಿ. ಅರ್ಜಿ, ಕಾಯಿ. ಉಳಿದ ಮಾಸ್ತರು ನೋಡ್ತಾರಲ್ಲ. ಒಂದೇ ಸಲ. ನಿಲ್ಲಸಂಗಿಲ್ಲ ನಾ, ಕೂಡಲೇ ನೋಡ್ತೀನಿ.”

ಸುಮನಬಾಯಿ ಸೀಮೆಸುಣ್ಣವನ್ನು ಬೆರಳ ನಡುವೆ ಒಂದು ಸುತ್ತು ತಿರುಗಿಸಿದಳು.

“ಉಳಿದ ಮಾಸ್ತರು ಇನ್ನೂ ನಿಲ್ಲತಾರೇನ್ರಿ?”

“ಪದ್ಧತಿರಿ ಅದು. ನಮ್ಮಪ್ಪನ ಕಾಲದ್ದು. ಯಾರಿಗೇನು ತೊಂದ್ರಿ ಅದ ಅದರಿಂದ? ನೀವೊಬ್ಬರು ಬಿಟ್ರ ನಾಳಿ ಎಲ್ಲರೂ ಬಿಡ್ತಾರ.”

“ಅದಕ್ಕೇ.”

“ಏನು ಅದಕ್ಕೇ? ಖಾಯಂ ಅಂದೀನಿ, ನೋಟ್ಸ್ ಬಿಟ್ಟೀನಿ. ಒಂದು ಕಾಯಿಗಿ ಇಷ್ಟು ಹಟ ಏನ್ರಿ ನಿಮ್ದು?” ಬಸವಣಪ್ಪ ತಿರುಗಿ, ಅಂಗಡಿಯ ರಾಶಿಯಿಂದ ಜುಟ್ಟಿದ್ದ ಒಂದು ಒಳ್ಳೆಯ ತೆಂಗಿನಕಾಯಿ ಎತ್ತಿಕೊಂಡರು. ಲಲಿತಾಬಾಯಿ ಬಾಯಿ ತೆರೆದವಳು ಮುಚ್ಚಿಕೊಂಡಳು. “ನೋಡ್ರಿ, ನೀವು ಅಂಗಡಿತನಕ ಬರೋದೂ ಬ್ಯಾಡ. ಕಾಯಿ ನಾನೇ ತರ್ತೀನಿ. ಇಲ್ಲೇ ನನ್ನ ಕೈಯಾಗ ಒಂದಪ ಇಡ್ರಿ ಸಾಕು, ಮಂದಿಗಿ ನಾ ಹೇಳಿಕೋತೀನಿ...”

ಒಳಗಿನಿಂದ ಹುಡುಗಿಯೊಬ್ಬಳು, “ಮ್ಯಾಡಂ, ಟೈಮ್ ಆತ್ರಿ,” ಎಂದಳು.

“ಬಂದೆ,” ಎಂದಳು ಸುಮನಬಾಯಿ.

“ಅರ್ಜಿನೂ ಬ್ಯಾಡ ಬಿಡ್ರಿ,” ಎನ್ನುತ್ತಿದ್ದರು ಬಸವಣಪ್ಪ, ಮೆಟ್ಟಿಲ ಕೆಳಗೆ, ಎರಡೂ ಕೈಯಲ್ಲಿ ಕಾಯಿ ಹಿಡಿದು. “ಬರೇ ಮುಟ್ರಿ. ಒಂದು ಬೆರಳು. ಬಾಯಿಯವರೆ, ಕೇಳಾಕತ್ತೀರೇನು, ಒಂದೇ ಬೆರಳು...”

ಆಕೆ ಆಗಲೇ ಬೆನ್ನು ತಿರುಗಿಸಿ, ಕಾಯಿ ಚೀಲಗಳ ನಡುವಿನ ಹಾದಿಯಲ್ಲಿ ಒಳಗೆ ನಡೆದಿದ್ದಳು.